ಕುರ್ಚಿ ನೋಡಿ ಕ್ಲೋಸರ್, ಕ್ಯಾಲೆಂಡರ್ ನೋಡಿ ಹುಡುಗ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಆಫೀಸಿನವರ ಫ್ಯಾಂಟಸಿ ಬೇಸ್‌ಬಾಲ್ ಲೀಗಿಗೆ (ನಿಜವಾದ ಆಟಗಾರರನ್ನು ಡ್ರಾಫ್ಟಿನಲ್ಲಿ ಸರದಿಯಂತೆ, ರೌಂಡ್ ರೌಂಡಾಗಿ ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರ ಅಂಕಿಗಳಿಂದ ಸ್ಪರ್ಧಿಸುವ ಆಟ) ಸೇರಿ ಎರಡು ವರ್ಷವಾಯಿತು. 12 ತಂಡ, ಬ್ಯಾಟಿಂಗಿನಲ್ಲಿ ಐದು ಪಿಚಿಂಗಿನಲ್ಲಿ ಐದು ವಿಭಾಗ, ರೋಟೋ ಲೆಕ್ಕ, ಅಂದರೆ ಪ್ರತಿ ವಿಭಾಗದಲ್ಲಿ ಮೊದಲ ತಂಡಕ್ಕೆ 12 ಪಾಯಿಂಟ್, ಕೊನೆಯದಕ್ಕೆ 1. 23 ಆಟಗಾರರು, ಜೊತೆಗೆ 5 ಬೆಂಚ್. ವರ್ಷದ ಕೊನೆಗೆ ಮೂವರನ್ನು ಉಳಿಸಿಕೊಳ್ಳಬಹುದು. ಅವರನ್ನು ತೆಗೆದುಕೊಂಡ ರೌಂಡಿಗಿಂತ ಒಂದು ಮೇಲಿನ ರೌಂಡನ್ನು ಬಿಟ್ಟುಕೊಡಬೇಕು. 2025ರಲ್ಲಿ 3 ಮತ್ತು 5ನೇ ರೌಂಡಿನಲ್ಲಿ ಇಬ್ಬರು ದೊಡ್ಡ ಕ್ಲೋಸರ್‌ಗಳನ್ನು (ಪಂದ್ಯದ ಕೊನೆಯ, ಒಂಬತ್ತನೇ ಇನಿಂಗ್ಸ್ ಹಾಕುವ ಪಿಚರ್‌ಗಳನ್ನು) ತಗೊಂಡೆ. ಒಬ್ಬ ಏಪ್ರಿಲ್‌ನಲ್ಲೇ ಕೆಲಸ ಕಳೆದುಕೊಂಡ, ಇನ್ನೊಬ್ಬ ಜುಲೈನಲ್ಲಿ ಹೋದ. ಬೆಂಚಿನಲ್ಲಿ ಮೂವರು ಹೆಸರುವಾಸಿ ಹುಡುಗರನ್ನು ಕೂರಿಸಿದ್ದೆ. ಜೂನ್‌ವರೆಗೂ ಅವರು ಮೇಜರ್ ಲೀಗಿನ ಕೆಳಗಿನ ಹಂತವಾದ ಮೈನರ್ ಲೀಗಿನಲ್ಲೇ ಇದ್ದರು. ಹತ್ತನೇ ಸ್ಥಾನ ಬಂತು. ರಿಲೀವರ್‌ಗಳನ್ನು (ಪಂದ್ಯ ಶುರುಮಾಡುವ ಸ್ಟಾರ್ಟರ್ ನಂತರ ಬರುವ ಪಿಚರ್‌ಗಳನ್ನು) ಯಾವ ರೌಂಡಿನಲ್ಲಿ ತೆಗೆದುಕೊಳ್ಳಬೇಕು? ಹೊಸ ಹುಡುಗರು ಎಷ್ಟು ಜನ ಇರಬೇಕು? ಹೆಸರು ಹೇಳಿದರೂ ಸಂತೋಷ.

ಉತ್ತರ: ನೀವು ಹೆಸರು ಬರೆದಿಲ್ಲ, ಆದರೂ ಊಹಿಸಬಲ್ಲೆ. ಏಪ್ರಿಲ್‌ನವನು ಯಾಂಕೀಸ್‌ನ ಡೆವಿನ್ ವಿಲಿಯಮ್ಸ್, ಜುಲೈನವನು ಕ್ಲೀವ್‌ಲ್ಯಾಂಡಿನ ಇಮ್ಯಾನುಯೆಲ್ ಕ್ಲಾಸೆ. ಅಲ್ವಾ? ಬೇಜಾರು ಮಾಡಿಕೊಳ್ಳಬೇಡಿ. ಆ ವರ್ಷ ಅವರಿಬ್ಬರನ್ನು ನಂಬಿ ಕೆಟ್ಟವರು ಪ್ರತಿ ಲೀಗಿನಲ್ಲೂ ಒಬ್ಬರಾದರೂ ಇದ್ದರು. ಕ್ಲಾಸೆ 2024ರಲ್ಲಿ 47 ಸೇವ್ ಮಾಡಿದ್ದ, ಈಆರ್‌ಎ, ಅಂದರೆ ಒಂಬತ್ತು ಇನಿಂಗ್ಸಿಗೆ ಕೊಟ್ಟ ರನ್ನಿನ ಸರಾಸರಿ, 0.61. ಅಂಥವನನ್ನು ಬೇಡ ಅನ್ನುವವರು ಯಾರು? ನಿಮ್ಮ ಆಯ್ಕೆಯಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ಕೊಟ್ಟ ಬೆಲೆ ಜಾಸ್ತಿಯಾಯಿತು, ಅಷ್ಟೇ. ಹುಡುಗರ ವಿಷಯದಲ್ಲಿ ಮಾತ್ರ ನಿಮ್ಮನ್ನು ಸ್ವಲ್ಪ ಬೈಯಬೇಕಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸೇವ್ ಎಂಬ ಅಂಕದ ಜಾತಕ ನೋಡೋಣ. ಗೆಲ್ಲುತ್ತಿರುವ ತಂಡದ ಕೊನೆಯ ಪಿಚರ್‌ಗೆ ಸಿಗುವ ಅಂಕ ಇದು. ಮುನ್ನಡೆ ಮೂರು ರನ್ ಅಥವಾ ಅದಕ್ಕೂ ಕಡಿಮೆ ಇರುವಾಗ ಬಂದು, ಒಂದು ಇನಿಂಗ್ಸ್ ಹಾಕಿ, ಪಂದ್ಯ ಮುಗಿಸಿದರೆ ಸೇವ್. ಮುನ್ನಡೆ ಎಷ್ಟೇ ಇರಲಿ, ಕೊನೆಯ ಮೂರು ಇನಿಂಗ್ಸ್ ಚೆನ್ನಾಗಿ ಹಾಕಿದರೂ ಸೇವ್. ಇನ್ನೂ ಒಂದೆರಡು ಉಪನಿಯಮಗಳಿವೆ, ಈಗ ಬೇಡ. ಇದನ್ನು ಕಟ್ಟಿದವರು ಷಿಕಾಗೊದ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್. 1959ರಲ್ಲಿ ಪಿಟ್ಸ್‌ಬರ್ಗಿನ ರಿಲೀವರ್ ಎಲ್‌ರಾಯ್ ಫೇಸ್ 18 ಗೆದ್ದು 1 ಸೋತಿದ್ದ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಹೋಲ್ಟ್ಸ್‌ಮನ್ ಕಣ್ಣಿಗೆ ಬಿದ್ದದ್ದು ಬೇರೆ: ಆ ಗೆಲುವುಗಳಲ್ಲಿ ಕೆಲವನ್ನು ಫೇಸ್ ಮೊದಲು ಕೈಬಿಟ್ಟಿದ್ದ, ಆಮೇಲೆ ಅವನ ಬ್ಯಾಟರ್‌ಗಳು ರನ್ ಹೊಡೆದು ವಾಪಸ್ ತಂದುಕೊಟ್ಟಿದ್ದರು. ಮುನ್ನಡೆ ಕಾಯ್ದವನಿಗೆ ಬೇರೆ ಲೆಕ್ಕ ಇರಲಿ ಅಂತ ಅವರು ಈ ಅಂಕ ತಂದರು. 1969ರಲ್ಲಿ ಅದು ಅಧಿಕೃತವಾಯಿತು.

ಉದ್ದೇಶ ಒಳ್ಳೆಯದೇ. ಆದರೆ ಎಂಥೆಂಥ ತಮಾಷೆ ನಡೆಯುತ್ತೆ ನೋಡಿ. 2007ರ ಆಗಸ್ಟ್ 22ರಂದು ಟೆಕ್ಸಸ್ ತಂಡ ಬಾಲ್ಟಿಮೋರನ್ನು 30–3ರಿಂದ ಬಡಿಯಿತು. ಕೊನೆಯ ಮೂರು ಇನಿಂಗ್ಸ್ ಹಾಕಿದ ವೆಸ್ ಲಿಟಲ್‌ಟನ್‌ಗೆ ಸೇವ್ ಸಿಕ್ಕಿತು. 27 ರನ್ನಿನ ಗೆಲುವನ್ನು ಕಾಪಾಡಿದ ಪುಣ್ಯಾತ್ಮ!

ಕ್ರಿಕೆಟ್ಟಿನ ಭಾಷೆಯಲ್ಲಿ ಹೇಳಬೇಕೆಂದರೆ, 20ನೇ ಓವರ್ ಹಾಕಿದವನಿಗೆ ಅದಕ್ಕೇ ಅಂತ ಒಂದು ಅಂಕ ಕೊಟ್ಟ ಹಾಗೆ. 19ನೇ ಓವರಿನಲ್ಲಿ ನಾಲ್ಕೇ ರನ್ ಕೊಟ್ಟು ಪಂದ್ಯ ತಿರುಗಿಸಿದವನಿಗೆ ಏನೂ ಇಲ್ಲ. 20ನೇ ಓವರ್ ಯಾರಿಗೆ ಅನ್ನುವುದು ಬೌಲರ್ ಕೈಯಲ್ಲಿಲ್ಲ, ಕ್ಯಾಪ್ಟನ್ ಕೈಯಲ್ಲಿದೆ. ಇಲ್ಲಿ ಮ್ಯಾನೇಜರ್ ಕೈಯಲ್ಲಿದೆ. ಹಾಗಾಗಿ ಡ್ರಾಫ್ಟಿನಲ್ಲಿ ಕ್ಲೋಸರ್‌ನನ್ನು ಕೊಳ್ಳುವಾಗ ನೀವು ನಿಜವಾಗಿ ಕೊಳ್ಳುವುದು ಅವನು ಕೂತಿರುವ ಕುರ್ಚಿಯನ್ನು. ಮೈನರ್ ಲೀಗಿನ ಹುಡುಗನದೂ ಕುರ್ಚಿಯ ಕಥೆಯೇ. ಕ್ಲೋಸರ್‌ಗೆ ಕುರ್ಚಿ ಇದೆ, ಯಾವಾಗ ಬೇಕಾದರೂ ಹೋಗಬಹುದು. ಹುಡುಗನಿಗೆ ಕುರ್ಚಿ ಇನ್ನೂ ಬಂದೇ ಇಲ್ಲ. ನಿಮ್ಮ ಎರಡು ಪ್ರಶ್ನೆಗಳನ್ನು ನಾನು ಒಟ್ಟಿಗೆ ಉತ್ತರಿಸುತ್ತಿರುವುದು ಅದಕ್ಕೇ.

ಯಾಂಕೀಸ್ ತಂಡದ 2025ನ್ನೇ ತಗೊಳ್ಳಿ. ಕುರ್ಚಿ ಎಷ್ಟು ಅಲುಗಾಡುತ್ತೆ ಅಂತ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. ವಿಲಿಯಮ್ಸ್‌ನನ್ನು ಮಿಲ್ವಾಕಿಯಿಂದ ತಂದರು. ಏಪ್ರಿಲ್ ಕೊನೆಯ ಹೊತ್ತಿಗೆ ಅವನ ಈಆರ್‌ಎ 11.25. ಕುರ್ಚಿ ಲ್ಯೂಕ್ ವೀವರ್‌ಗೆ ಹೋಯಿತು. ಜೂನ್ ಶುರುವಿನಲ್ಲಿ ವೀವರ್ ಕಾಲಿನ ಸ್ನಾಯು ಎಳೆದುಕೊಂಡ, ಕುರ್ಚಿ ಮತ್ತೆ ವಿಲಿಯಮ್ಸ್‌ಗೆ ಬಂತು. ಜುಲೈ 31ಕ್ಕೆ ಪಿಟ್ಸ್‌ಬರ್ಗಿನಿಂದ ಡೇವಿಡ್ ಬೆಡ್ನಾರ್ ಬಂದ, ಸ್ವಲ್ಪ ದಿನದಲ್ಲೇ ಕುರ್ಚಿ ಅವನದಾಯಿತು. ಆ ಬೆಡ್ನಾರ್‌ನನ್ನೇ ಏಪ್ರಿಲ್ ಶುರುವಿನಲ್ಲಿ ಪಿಟ್ಸ್‌ಬರ್ಗ್‌ನವರು ಮೈನರ್ ಲೀಗಿಗೆ ಅಟ್ಟಿದ್ದರು! ಮಾರ್ಚ್‌ನಲ್ಲಿ ಡ್ರಾಫ್ಟ್ ಮಾಡುವವರಿಗೆ ಇದರಲ್ಲಿ ಏನನ್ನು ಊಹಿಸಲು ಸಾಧ್ಯವಿತ್ತು ಹೇಳಿ. ಕ್ಲೀವ್‌ಲ್ಯಾಂಡಿನಲ್ಲಂತೂ ಆಟಕ್ಕೂ ಕುರ್ಚಿಗೂ ಸಂಬಂಧವೇ ಇರಲಿಲ್ಲ. ಬೆಟ್ಟಿಂಗ್ ಕುರಿತ ತನಿಖೆಯ ಕಾರಣ ಜುಲೈ ಕೊನೆಯಲ್ಲಿ ಲೀಗ್ ಕ್ಲಾಸೆಯನ್ನು ರಜೆಯ ಮೇಲೆ ಕಳಿಸಿತು, ಒಂಬತ್ತನೇ ಇನಿಂಗ್ಸ್ ಕೇಡ್ ಸ್ಮಿತ್‌ಗೆ ಬಂತು.

ಈಗ ಸ್ವಲ್ಪ ಲೆಕ್ಕ. ಒಂದು ಸೀಸನ್ನಿಗೆ ಒಟ್ಟು 2430 ಪಂದ್ಯ. ಸರಿಸುಮಾರು ಅರ್ಧದಷ್ಟು ಪಂದ್ಯಗಳಲ್ಲಿ ಯಾರಿಗಾದರೂ ಸೇವ್ ಸಿಗುತ್ತೆ. ಅಂದರೆ 1200ರ ಆಸುಪಾಸು. ಅದರಲ್ಲಿ ಒಂದಷ್ಟು ಯಾರ ತಂಡದಲ್ಲೂ ಇಲ್ಲದ ಪಿಚರ್‌ಗಳ ಪಾಲಾಗುತ್ತೆ. ಮೂರರಲ್ಲಿ ಒಂದು ಪಾಲು ಹಾಗೆ ಹೋಯಿತು ಅಂತಿಟ್ಟುಕೊಳ್ಳಿ. ಉಳಿದ 800ನ್ನು 12 ತಂಡ ಹಂಚಿಕೊಂಡರೆ ತಲೆಗೆ 65–70. ನಿಮ್ಮ ಲೀಗಿನಲ್ಲಿ 80 ಸೇವ್ ದಾಟಿದರೆ ಆ ವಿಭಾಗದಲ್ಲಿ ಮೊದಲ ಮೂರರೊಳಗೆ ಬರುವ ಸಾಧ್ಯತೆ ಚೆನ್ನಾಗಿದೆ. 120 ಸೇವ್ ಮಾಡಿ ಮೊದಲ ಸ್ಥಾನ ಬಂದರೂ ಸಿಗುವುದು 12 ಪಾಯಿಂಟ್ ಅಷ್ಟೇ. ಹಾಗಿರುವಾಗ ಮೂರನೇ ರೌಂಡನ್ನು ಕ್ಲೋಸರ್‌ಗೆ ಕೊಟ್ಟರೆ, 30 ಹೋಮ್‌ರನ್ ಹೊಡೆದು 20 ಬೇಸ್ ಕದಿಯುವ (ಪಿಚರ್ ಎಸೆಯುವಾಗಲೇ ಮುಂದಿನ ಬೇಸಿಗೆ ಓಡಿಬಿಡುವ) ಬ್ಯಾಟರ್‌ನನ್ನು ಬಿಟ್ಟ ಹಾಗೆ. ಅವನು ಐದು ವಿಭಾಗಕ್ಕೆ ದುಡಿಯುತ್ತಾನೆ. ಕ್ಲೋಸರ್ ಒಂದಕ್ಕೆ ಪೂರ್ತಿ, ಉಳಿದ ಮೂರಕ್ಕೆ ಅಷ್ಟಿಷ್ಟು.

ಆ ಅಷ್ಟಿಷ್ಟು ಎಷ್ಟು ಅನ್ನುವುದನ್ನೂ ನೋಡಿಬಿಡಿ, ಬಹಳ ಜನ ಇದನ್ನು ಮರೆಯುತ್ತಾರೆ. ನಿಮ್ಮ ತಂಡ ವರ್ಷಕ್ಕೆ 1200 ಇನಿಂಗ್ಸ್ ಹಾಕುತ್ತೆ ಅಂದುಕೊಳ್ಳಿ. ಅದರಲ್ಲಿ 60 ಇನಿಂಗ್ಸ್ 4.00 ಈಆರ್‌ಎ ಇರುವವನಿಂದ ತೆಗೆದು 2.00 ಇರುವ ರಿಲೀವರ್‌ಗೆ ಕೊಟ್ಟರೆ ಸುಮಾರು 13 ರನ್ ಉಳಿಯುತ್ತೆ. ಇಡೀ ತಂಡದ ಈಆರ್‌ಎ 0.10 ಇಳಿಯುತ್ತೆ. ಒಬ್ಬನಿಂದ ಇಷ್ಟು ಅಂದರೆ ಸಣ್ಣದೇನಲ್ಲ, ಆದರೆ ಮೂರನೇ ರೌಂಡಿನ ಬೆಲೆಯದೂ ಅಲ್ಲ. ಸ್ವಾರಸ್ಯ ಏನೆಂದರೆ ಈ 0.10ಕ್ಕೆ ಕುರ್ಚಿ ಬೇಕಾಗಿಲ್ಲ. ಏಳನೇ ಇನಿಂಗ್ಸ್ ಹಾಕುವವನೂ ಅದನ್ನು ಕೊಡುತ್ತಾನೆ, ಅದೂ 24ನೇ ರೌಂಡಿನಲ್ಲಿ, ಕೆಲವು ಸಲ ಡ್ರಾಫ್ಟ್ ಮುಗಿದ ಮೇಲೆ ಪುಕ್ಕಟೆ. 2018ರಲ್ಲಿ ಮಿಲ್ವಾಕಿಯ ಜಾಶ್ ಹೇಡರ್‌ನದು ಬರೀ 12 ಸೇವ್. ಆದರೆ 81 ಇನಿಂಗ್ಸ್‌ಗಳಲ್ಲಿ 143 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್)! ಮರುವರ್ಷ ಕುರ್ಚಿಯೂ ಬಂತು, 37 ಸೇವ್.

ಇದರಿಂದ ನನ್ನ ಮೊದಲ ಸಲಹೆ. ಮೊದಲ ಕ್ಲೋಸರ್‌ನನ್ನು ಆರರಿಂದ ಎಂಟನೇ ರೌಂಡಿನ ನಡುವೆ ತಗೊಳ್ಳಿ. ಎರಡನೆಯವನನ್ನು ಹತ್ತರಿಂದ ಹದಿಮೂರರ ನಡುವೆ. ಮೂರನೆಯವನು 20ರ ನಂತರ, ಅವನು ಕುರ್ಚಿಯ ಪಕ್ಕ ನಿಂತಿರುವವನಾಗಿರಲಿ. ಲೀಗಿನವರು ಐದನೇ ರೌಂಡಿನಲ್ಲೇ ಒಬ್ಬರ ಹಿಂದೆ ಒಬ್ಬರು ಕ್ಲೋಸರ್‌ಗಳ ಮೇಲೆ ಮುಗಿಬಿದ್ದರೆ ಗಾಬರಿಯಾಗಬೇಡಿ. ಅವರು ಬಿಟ್ಟ ಬ್ಯಾಟರ್‌ಗಳು ನಿಮಗೆ ಸಿಗುತ್ತಾರೆ. ಸೇವ್ ಬೇಡವೇ ಬೇಡ ಅಂತ ಪೂರ್ತಿ ಕೈಬಿಡುವ ತಂತ್ರವೂ ಇದೆ, ನನಗೆ ಅದು ಹಿಡಿಸುವುದಿಲ್ಲ. ಹತ್ತು ವಿಭಾಗದಲ್ಲಿ ಒಂದನ್ನು ಕೈಯಾರೆ ಬಿಟ್ಟುಕೊಟ್ಟು ಉಳಿದ ಒಂಬತ್ತರಲ್ಲಿ ಗೆಲ್ಲಬಲ್ಲಷ್ಟು ಜಾಣರು ನಮ್ಮ ನಿಮ್ಮ ಲೀಗಿನಲ್ಲಿ ಯಾರಿದ್ದಾರೆ?

ಕುರ್ಚಿ ಗಟ್ಟಿಯಿದೆಯೋ ಇಲ್ಲವೋ ನೋಡುವುದು ಹೇಗೆ? ನಾನು ನಾಲ್ಕೈದು ವಿಷಯ ನೋಡುತ್ತೇನೆ. ಮೊದಲನೆಯದು ದುಡ್ಡು. ಹೇಡರ್‌ಗೆ ಹ್ಯೂಸ್ಟನ್ 2024ರಲ್ಲಿ ಐದು ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ಟಿತು. ಅಷ್ಟು ಕೊಟ್ಟವನನ್ನು ನಾಲ್ಕು ಕೆಟ್ಟ ರಾತ್ರಿಗೆ ಯಾರೂ ಇಳಿಸುವುದಿಲ್ಲ. ಆ ವರ್ಷ ಅವನ ಈಆರ್‌ಎ 3.80, ಆದರೂ 34 ಸೇವ್ ಬಂತು. ಎರಡನೆಯದು ಸ್ಟ್ರೈಕ್‌ಔಟ್. ಬ್ಯಾಟಿಗೆ ಚೆಂಡು ತಾಗಿಸಿಕೊಂಡು ಬದುಕುವ ಕ್ಲೋಸರ್ ಒಂದು ತಿಂಗಳು ಅದೃಷ್ಟ ಕೆಟ್ಟರೆ ಹೋದ. ಮೂರನೆಯದು ಅವನ ಹಿಂದೆ ನಿಂತಿರುವವರು ಯಾರು ಅನ್ನುವುದು. ಹಿಂದೆ ಯಾರೂ ಇಲ್ಲದಿದ್ದರೆ ಸಾಧಾರಣ ಪಿಚರ್ ಕೂಡ ಸೆಪ್ಟೆಂಬರ್‌ವರೆಗೆ ಕೂತಿರುತ್ತಾನೆ.

ಇನ್ನೊಂದು ಸೂಕ್ಷ್ಮ, ಸ್ಪ್ರಿಂಗ್ ಟ್ರೈನಿಂಗ್ ಪಂದ್ಯ ನೋಡುವವರಿಗೆ. ಮಾರ್ಚ್ ತಿಂಗಳ ಅಭ್ಯಾಸ ಪಂದ್ಯದಲ್ಲಿ ಒಂಬತ್ತನೇ ಇನಿಂಗ್ಸ್ ಯಾರು ಹಾಕಿದರು ಅಂತ ನೋಡಿ ಮೋಸಹೋಗಬೇಡಿ. ಆ ಹೊತ್ತಿಗೆ ಎದುರಾಳಿಯ ಮುಖ್ಯ ಬ್ಯಾಟರ್‌ಗಳು ಸ್ನಾನ ಮಾಡಿ ಮನೆಗೆ ಹೊರಟಿರುತ್ತಾರೆ. ನಿಜವಾದ ಕ್ಲೋಸರ್‌ನನ್ನು ಮೂರನೆಯದೋ ನಾಲ್ಕನೆಯದೋ ಇನಿಂಗ್ಸಿನಲ್ಲಿ, ಮುಖ್ಯ ಬ್ಯಾಟರ್‌ಗಳ ಎದುರಿಗೇ ಹಾಕಿಸುತ್ತಾರೆ. ಯಾರು ಬೇಗ ಬರುತ್ತಾರೆ ನೋಡಿ.

ಸೋಲುವ ತಂಡದ ಕ್ಲೋಸರ್ ಬೇಡ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೀರಿ. ಅರ್ಧ ಸುಳ್ಳು. 2024ರಲ್ಲಿ ವಾಷಿಂಗ್ಟನ್ 91 ಪಂದ್ಯ ಸೋತಿತು, ಅದರ ಕೈಲ್ ಫಿನೆಗನ್ 38 ಸೇವ್ ಮಾಡಿದ. ಗೆಲ್ಲುವುದು ಕಡಿಮೆ, ಆದರೆ ಗೆದ್ದದ್ದರಲ್ಲಿ ಬಹಳಷ್ಟು ಸಣ್ಣ ಅಂತರದಲ್ಲಿ. ಹತ್ತು ರನ್ನಿಂದ ಗೆಲ್ಲುವ ತಂಡದಲ್ಲಿ ಕ್ಲೋಸರ್‌ಗೆ ಕೆಲಸವೇ ಇರುವುದಿಲ್ಲ. ಉಳಿದ ಅರ್ಧ ನಿಜ, ಅದು ಜುಲೈ ಕೊನೆಗೆ ಗೊತ್ತಾಗುತ್ತೆ. ಸೋಲುವ ತಂಡ ತನ್ನ ಕ್ಲೋಸರ್‌ನನ್ನು ಮಾರುತ್ತೆ, ಕೊಳ್ಳುವ ದೊಡ್ಡ ತಂಡದಲ್ಲಿ ಆಗಲೇ ಒಬ್ಬ ಕೂತಿರುತ್ತಾನೆ. 2024ರಲ್ಲಿ 49 ಸೇವ್ ಮಾಡಿದ್ದ ರಯಾನ್ ಹೆಲ್ಸ್ಲಿಯನ್ನು ಮರುವರ್ಷ ಜುಲೈನಲ್ಲಿ ಸೇಂಟ್ ಲೂಯಿಸ್ ತಂಡ ನ್ಯೂಯಾರ್ಕಿನ ಮೆಟ್ಸ್‌ಗೆ ಕೊಟ್ಟಿತು. ಅಲ್ಲಿ ಎಡ್ವಿನ್ ಡಿಯಾಸ್ ಇದ್ದ. ಹೆಲ್ಸ್ಲಿಗೆ ಎಂಟನೇ ಇನಿಂಗ್ಸ್ ಸಿಕ್ಕಿತು, ಅದೂ ಚೆನ್ನಾಗಿ ಹೋಗಲಿಲ್ಲ. ಅದೇ ವಾರ ಮೇಸನ್ ಮಿಲ್ಲರ್ ಅಥ್ಲೆಟಿಕ್ಸ್ ತಂಡ ಬಿಟ್ಟು ಸ್ಯಾನ್ ಡಿಯಾಗೊಗೆ ಹೋದ. ಅಲ್ಲಿ ರಾಬರ್ಟ್ ಸುವಾರೆಸ್ 40 ಸೇವ್‌ಗಳ ದಾರಿಯಲ್ಲಿದ್ದ. ಗಂಟೆಗೆ ನೂರು ಮೈಲಿ ಮೀರಿ ಎಸೆಯುವ ಮಿಲ್ಲರ್ ಕೂಡ ಪಕ್ಕಕ್ಕೆ ನಿಲ್ಲಬೇಕಾಯಿತು. ಹಾಗಾಗಿ ನಿಮ್ಮ ಇಬ್ಬರು ಕ್ಲೋಸರ್‌ಗಳಲ್ಲಿ ಒಬ್ಬನಾದರೂ ಜುಲೈನಲ್ಲಿ ಮಾರಾಟಕ್ಕಿಲ್ಲದ ತಂಡದವನಾಗಿರಲಿ. ಇಬ್ಬರೂ ಸೋಲುವ ತಂಡದವರಾದರೆ ಜೂನ್ ಮಧ್ಯದಲ್ಲೇ ಒಬ್ಬನನ್ನು ಬೇರೆಯವರಿಗೆ ದಾಟಿಸಿಬಿಡಿ.

ನನ್ನದೇ ಒಂದು ಕಥೆ ಹೇಳುತ್ತೇನೆ. 2023ರ ಮಾರ್ಚ್. ನಮ್ಮ ಕನ್ನಡ ಕೂಟದ ಗೆಳೆಯರ ಲೀಗಿನ ಡ್ರಾಫ್ಟ್. 22ಕ್ಕೆ ಯುಗಾದಿ, ಗಡಿಬಿಡಿ ಇರುತ್ತೆ ಅಂತ ಮುಂಚೆಯೇ ಮುಗಿಸಿಬಿಟ್ಟೆವು. ನಾನು ನಾಲ್ಕನೇ ರೌಂಡಿನಲ್ಲಿ ಡಿಯಾಸ್‌ನನ್ನು ತಗೊಂಡೆ. ಹಿಂದಿನ ವರ್ಷ 62 ಇನಿಂಗ್ಸಿನಲ್ಲಿ 118 ಸ್ಟ್ರೈಕ್‌ಔಟ್ ಮಾಡಿದ್ದವನು. ನಾಲ್ಕೇ ದಿನ. ಮಾರ್ಚ್ 15ರ ರಾತ್ರಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊರಿಕೊ ಗೆದ್ದಿತು, ಡಿಯಾಸ್ ಗೆಳೆಯರ ಜೊತೆ ಕುಣಿದು ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡ. ಚೆಂಡು ಎಸೆಯುವಾಗ ಅಲ್ಲ, ಕುಣಿಯುವಾಗ! ಇಡೀ ಸೀಸನ್ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೆಟ್ಸ್‌ನ ಒಂಬತ್ತನೇ ಇನಿಂಗ್ಸ್ ಡೇವಿಡ್ ರಾಬರ್ಟ್‌ಸನ್‌ಗೆ ಹೋಯಿತು. ಅವನನ್ನು ನಮ್ಮಲ್ಲಿ ಯಾರೂ ತೆಗೆದುಕೊಂಡಿರಲಿಲ್ಲ, ನಾನು ಕಣ್ಣೊರೆಸಿಕೊಂಡು ಲಾಗಿನ್ ಆಗುವಷ್ಟರಲ್ಲಿ ಬೇರೊಬ್ಬರು ಎತ್ತಿಕೊಂಡಿದ್ದರು. ಅಂದಿನಿಂದ ನಮ್ಮ ಡ್ರಾಫ್ಟ್ ಓಪನಿಂಗ್ ಡೇಗೆ ಎರಡು ದಿನ ಮುಂಚೆ, ಹಬ್ಬ ಇರಲಿ ಬಿಡಲಿ. ನಿಮ್ಮ ಆಫೀಸಿನವರನ್ನೂ ಒಪ್ಪಿಸಿ.

ಒಬ್ಬ ಕ್ಲೋಸರ್ ಹೋದ ರಾತ್ರಿಯೇ ಅವನ ಬದಲಿಯನ್ನು ಹುಡುಕಲು ಹೊರಟರೆ ಎಲ್ಲರ ಜೊತೆ ಹರಾಜಿಗೆ ನಿಂತ ಹಾಗೆ. ಮುಂಚೆಯೇ ಒಬ್ಬ ಒಳ್ಳೆಯ ರಿಲೀವರ್ ಬೆಂಚಿನಲ್ಲಿರಬೇಕು. ಯಾರು? ತಂಡದ ಪಟ್ಟಿಯಲ್ಲಿ ಕ್ಲೋಸರ್ ನಂತರದ ಹೆಸರು ಅಂತಲ್ಲ. ಲೀಗಿನಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್ ಮಾಡುವ, ಕುರ್ಚಿ ಇಲ್ಲದ ಪಿಚರ್. ಕೇಡ್ ಸ್ಮಿತ್ ಅಂಥವನು. 2025ರ ಏಪ್ರಿಲ್‌ನಿಂದ ಅವನನ್ನು ಇಟ್ಟುಕೊಂಡಿದ್ದವರಿಗೆ ಮೊದಲ ನಾಲ್ಕು ತಿಂಗಳು ಈಆರ್‌ಎಗೂ ಸ್ಟ್ರೈಕ್‌ಔಟಿಗೂ ಲಾಭ. ಆಮೇಲೆ ಸೇವ್ ಸುರಿಯಿತು. ಕ್ಲಾಸೆ ಎಲ್ಲೂ ಹೋಗದೇ ಇದ್ದಿದ್ದರೂ ಅವರಿಗೆ ನಷ್ಟವಿರಲಿಲ್ಲ. ವಯಸ್ಸಾಯಿತು ಅಂತ ಎಲ್ಲರೂ ಬಿಟ್ಟವರನ್ನೂ ಒಮ್ಮೆ ನೋಡಿ. ಅರೋಲ್ಡಿಸ್ ಚಾಪ್‌ಮನ್ ಬಾಸ್ಟನ್‌ಗೆ ಹೋದ, 2025ರಲ್ಲಿ 37ನೇ ವಯಸ್ಸಿನಲ್ಲಿ 32 ಸೇವ್, ಈಆರ್‌ಎ 1.17. ಅದರ ಹಿಂದಿನ ವರ್ಷ ಟೆಕ್ಸಸ್‌ನಲ್ಲಿ ಕರ್ಬಿ ಯೇಟ್ಸ್ ಅದೇ 37ರಲ್ಲಿ 33 ಸೇವ್ ಮಾಡಿ ಅದೇ 1.17 ಈಆರ್‌ಎ ಇಟ್ಟಿದ್ದ. ಕುರ್ಚಿಗೆ ಜನ್ಮದಿನಾಂಕ ಗೊತ್ತಿಲ್ಲ.

ಈಗ ಹುಡುಗರ ವಿಷಯ. ಇಲ್ಲೇ ನಾನು ನಿಮ್ಮನ್ನು ಬೈಯುವುದು.

ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರೆ. ಸರಿ, ಆದರೆ ಐದೇ ಬೆಂಚ್ ಇರುವ ಲೀಗಿನಲ್ಲಿ ಮೂರು ಮೊಳಕೆಗೆ ಜಾಗ ಕೊಟ್ಟರೆ ಊಟಕ್ಕೇನು ಮಾಡ್ತೀರಿ? ಏಪ್ರಿಲ್, ಮೇ ಎರಡು ತಿಂಗಳು ನೀವು ಎರಡೇ ಬೆಂಚಿನಲ್ಲಿ ಆಡಿದ್ದೀರಿ. ಉಳಿದವರು ಅದೇ ಜಾಗದಲ್ಲಿ ವಾರಕ್ಕೊಬ್ಬ ಸ್ಟಾರ್ಟರ್‌ನನ್ನು ತಂದು ಹಾಕಿ, ಕುರ್ಚಿ ಬದಲಾದ ಬುಲ್‌ಪೆನ್ನಿಂದ (ತಂಡದ ರಿಲೀವರ್‌ಗಳ ಗುಂಪಿನಿಂದ) ಸೇವ್ ಹೆಕ್ಕಿದ್ದಾರೆ. ನಿಮ್ಮ ಹತ್ತನೇ ಸ್ಥಾನಕ್ಕೆ ವಿಲಿಯಮ್ಸ್, ಕ್ಲಾಸೆ ಎಷ್ಟು ಕಾರಣವೋ ಈ ಮೂರು ಖಾಲಿ ಜಾಗವೂ ಅಷ್ಟೇ ಕಾರಣ.

ಹುಡುಗ ಯಾವಾಗ ಮೇಲೆ ಬರುತ್ತಾನೆ ಅನ್ನುವುದನ್ನು ಅವನ ಬ್ಯಾಟ್ ಮಾತ್ರ ತೀರ್ಮಾನಿಸುವುದಿಲ್ಲ. ತಂಡದ ಲೆಕ್ಕದ ಪುಸ್ತಕವೂ ಸೇರಿ ತೀರ್ಮಾನಿಸುತ್ತೆ. ಸೀಸನ್ ಸುಮಾರು 187 ದಿನ. ಅದರಲ್ಲಿ 172 ದಿನ ಮೇಜರ್ ಲೀಗ್ ರೋಸ್ಟರಿನಲ್ಲಿದ್ದರೆ ಒಂದು ವರ್ಷದ ಸೇವೆ. ಅಂಥ ಆರು ವರ್ಷ ತುಂಬಿದರೆ ಆಟಗಾರ ಸ್ವತಂತ್ರ. ಅಂದರೆ ಮೊದಲ ವರ್ಷ ಎರಡೂವರೆ ವಾರ ತಡಮಾಡಿದರೆ ತಂಡಕ್ಕೆ ಏಳನೇ ವರ್ಷವೂ ಸಿಗುತ್ತೆ. 2015ರಲ್ಲಿ ಷಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಅಭ್ಯಾಸ ಪಂದ್ಯಗಳಲ್ಲಿ 9 ಹೋಮ್‌ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದ. ಆದರೂ ಮೈನರ್ ಲೀಗಿಗೆ ಕಳಿಸಿದರು. ಏಪ್ರಿಲ್ 17ಕ್ಕೆ ಕರೆಸಿದರು. ಅವನ ಸೇವೆ 171 ದಿನ, ಒಂದೇ ದಿನ ಕಡಿಮೆ! ಅವನು ದೂರು ಕೊಟ್ಟ, 2020ರಲ್ಲಿ ಸೋತ.

2022ರಿಂದ ಗಾಳಿ ಸ್ವಲ್ಪ ತಿರುಗಿದೆ. ಹೆಸರಾಂತ ಟಾಪ್ 100 ಪಟ್ಟಿಗಳಲ್ಲಿರುವ ಹುಡುಗನನ್ನು ಶುರುವಿನಿಂದಲೇ ಆಡಿಸಿ, ಅವನು ವರ್ಷದ ಹೊಸಬ ಪ್ರಶಸ್ತಿ ಗೆದ್ದರೆ ತಂಡಕ್ಕೆ ಮೇಜರ್ ಲೀಗಿನ ನಿಜವಾದ ಡ್ರಾಫ್ಟಿನಲ್ಲಿ ಒಂದು ಹೆಚ್ಚುವರಿ ಆಯ್ಕೆ ಸಿಗುತ್ತೆ. ತಡವಾಗಿ ಬಂದ ಹುಡುಗ ಆ ಪ್ರಶಸ್ತಿಯಲ್ಲಿ ಮೊದಲ ಎರಡರೊಳಗೆ ಬಂದರೆ ಅವನಿಗೆ ಪೂರ್ತಿ ವರ್ಷದ ಸೇವೆ ಕೊಡಬೇಕು. ಅದಕ್ಕೇ ಆ ವರ್ಷ ಹೂಲಿಯೊ ರೋಡ್ರಿಗಸ್, ಬಾಬಿ ವಿಟ್ ಜೂನಿಯರ್ ಇಬ್ಬರೂ ಮೊದಲ ದಿನವೇ ಆಡಿದರು. ಹೀಗಾಗಿ ಈಗ ಹುಡುಗರು ಎರಡು ಗುಂಪಾಗಿದ್ದಾರೆ. ಮಾರ್ಚ್ ಕೊನೆಯಲ್ಲಿ ಬಂದುಬಿಡುವವರು ಒಂದು. ಜೂನ್‌ವರೆಗೆ ಕಾಯಿಸುವವರು ಇನ್ನೊಂದು. ಜೂನೇ ಯಾಕೆ? ಆಟಗಾರನಿಗೆ ಸಂಬಳದ ಚೌಕಾಸಿಗೆ ಮೂರರ ಬದಲು ನಾಲ್ಕು ವರ್ಷ ಸಿಗುವ ಗಡಿ ಆ ಹೊತ್ತಿಗೆ ದಾಟಿರುತ್ತೆ. ಎಲಿ ಡೆ ಲಾ ಕ್ರೂಸ್ ಬಂದದ್ದು 2023ರ ಜೂನ್ 6ಕ್ಕೆ. 2025ರಲ್ಲಿ ಜ್ಯಾಕ್ ಕ್ಯಾಗ್ಲಿಯೋನ್ ಜೂನ್ 3, ರೋಮನ್ ಆಂಥೊನಿ ಜೂನ್ 9. ನಿಮ್ಮ ಬೆಂಚಿನಲ್ಲಿದ್ದವರಲ್ಲಿ ಇವರಿಬ್ಬರು ಇದ್ದರು ಅನ್ನುವುದು ನನ್ನ ಇನ್ನೊಂದು ಊಹೆ.

ಬಂದ ಮೇಲಾದರೂ ಆಡುತ್ತಾರಾ? ಆಂಥೊನಿ ಆಡಿದ, ಸೆಪ್ಟೆಂಬರ್‌ನಲ್ಲಿ ಗಾಯವಾಗುವವರೆಗೆ. ಕ್ಯಾಗ್ಲಿಯೋನ್ ಸರಾಸರಿ 0.157. ಅದರ ಹಿಂದಿನ ವರ್ಷ ಜ್ಯಾಕ್ಸನ್ ಹಾಲಿಡೆ ಎಲ್ಲ ಪಟ್ಟಿಗಳಲ್ಲೂ ನಂಬರ್ ಒನ್ ಆಗಿ ಏಪ್ರಿಲ್ 10ಕ್ಕೆ ಬಂದ. 34 ಸಲ ಬ್ಯಾಟ್ ಮಾಡಿ 2 ಹಿಟ್, ವಾಪಸ್ ಹೋದ. ಮೈಕ್ ಟ್ರೌಟ್ ಕೂಡ 2011ರಲ್ಲಿ ಬಂದಾಗ 0.220. ಮರುವರ್ಷ 30 ಹೋಮ್‌ರನ್, 49 ಬೇಸ್. ಹುಡುಗರನ್ನು ಇಟ್ಟುಕೊಳ್ಳುವವರಿಗೆ ಇದರಲ್ಲೊಂದು ಕಿವಿಮಾತಿದೆ: ಮೊದಲ ತಿಂಗಳಿಗೆ ಹೆದರಿ ಬಿಡಬೇಡಿ. ಹೂಲಿಯೊ 2022ರ ಏಪ್ರಿಲ್‌ನಲ್ಲಿ ಒಂದೂ ಹೋಮ್‌ರನ್ ಹೊಡೆಯಲಿಲ್ಲ, ವರ್ಷದ ಕೊನೆಗೆ 28. ಮೊದಲ ಎರಡು ತಿಂಗಳು ತಡಕಾಡಿದ ಜ್ಯಾಕ್ಸನ್ ಚೂರಿಯೊ 2024ನ್ನು 21 ಹೋಮ್‌ರನ್, 22 ಬೇಸ್‌ಗಳೊಂದಿಗೆ ಮುಗಿಸಿದ. ಮೇ ತಿಂಗಳಲ್ಲಿ ಅವನನ್ನು ಬಿಟ್ಟವರು ನಮ್ಮ ಲೀಗಿನಲ್ಲೇ ಇದ್ದಾರೆ, ಹೆಸರು ಹೇಳಿದರೆ ಮುಂದಿನ ಪಾಟ್‌ಲಕ್‌ಗೆ ನನಗೆ ಬಿಸಿಬೇಳೆಬಾತ್ ಸಿಗುವುದಿಲ್ಲ.

ಯಾವ ಹುಡುಗ? ಓಡುವವನು. ಮೇಲೆ ಬಂದ ದಿನವೇ ಬ್ಯಾಟಿಂಗ್ ಸರಾಸರಿ ಬರುವುದಿಲ್ಲ, ಕಾಲಿನ ವೇಗ ಬರುತ್ತೆ. 2023ರಲ್ಲಿ ಬೇಸ್‌ಗಳನ್ನು ದೊಡ್ಡದು ಮಾಡಿದರು, ಪಿಚರ್ ಬೇಸಿನತ್ತ ಎಸೆದು ಓಟಗಾರನನ್ನು ಹೆದರಿಸುವುದಕ್ಕೆ ಮಿತಿ ಹಾಕಿದರು. ಇಡೀ ಲೀಗಿನಲ್ಲಿ ಕದ್ದ ಬೇಸ್ 2486ರಿಂದ 3503ಕ್ಕೆ ಏರಿತು. ಅದೇ ವರ್ಷ ಡೆ ಲಾ ಕ್ರೂಸ್ 0.235 ಸರಾಸರಿಯಲ್ಲೂ 35 ಬೇಸ್ ಕದ್ದ, ಅದೂ 98 ಪಂದ್ಯಗಳಲ್ಲಿ. ಬರೀ ಹೋಮ್‌ರನ್ ಹೊಡೆಯುವ ಹುಡುಗನಾದರೆ ಟ್ರಿಪಲ್-ಎ (ಮೈನರ್ ಲೀಗಿನ ಅತಿ ಮೇಲಿನ ಹಂತ) ಅಂಕಿಗಳನ್ನು ನೋಡುವ ಮುಂಚೆ ಊರು ನೋಡಿ. ಅಲ್ಬುಕರ್ಕಿ ಸಮುದ್ರಮಟ್ಟದಿಂದ ಐದು ಸಾವಿರ ಅಡಿ ಮೇಲಿದೆ. ರೀನೊ ಕೂಡ ಎತ್ತರದ ಊರು. ತೆಳುಗಾಳಿಯಲ್ಲಿ ನನ್ನಂಥವನು ಹೊಡೆದರೂ ಚೆಂಡು ಬೇಲಿ ಹತ್ತಿರ ಹೋಗುತ್ತೇನೋ. ಅಲ್ಲಿಯ 25 ಹೋಮ್‌ರನ್ನಿಗಿಂತ ಅವನು ಎಷ್ಟು ಸಲ ಸ್ಟ್ರೈಕ್‌ಔಟ್ ಆಗುತ್ತಾನೆ ಅನ್ನುವುದನ್ನು ನಾನು ಜಾಸ್ತಿ ನಂಬುತ್ತೇನೆ.

ಪಿಚಿಂಗ್ ಹುಡುಗರು ಬೇಡ. ಪಾಲ್ ಸ್ಕೀನ್ಸ್ ಇದ್ದಾನಲ್ಲ ಅಂತೀರಿ. ಇದ್ದಾನೆ. 2024ರ ಮೇ 11ಕ್ಕೆ ಬಂದು 133 ಇನಿಂಗ್ಸ್, ಈಆರ್‌ಎ 1.96, 170 ಸ್ಟ್ರೈಕ್‌ಔಟ್. ಆರು ವಾರ ಕಾದವರು ಲೀಗ್ ಗೆದ್ದಿರಬೇಕು. ಆದರೆ ಅದೇ ಆಸೆಯಲ್ಲಿ ಫಿಲಡೆಲ್ಫಿಯಾದ ಆಂಡ್ರೂ ಪೇಂಟರ್‌ನನ್ನು ಇಟ್ಟುಕೊಂಡವರು? 2023ರ ಜುಲೈನಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2024 ಪೂರ್ತಿ ಕಾಯುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಮೈನರ್ ಲೀಗಿನ ಪಿಚರ್ ಬೇಕೇ ಬೇಕು ಅಂದರೆ, ಇನ್ನು ಎರಡು ವಾರದಲ್ಲಿ ಬರುತ್ತಾನೆ ಅನ್ನುವ ಸುದ್ದಿ ಬಂದ ಮೇಲೆ ಎತ್ತಿಕೊಳ್ಳಿ.

ಮೂವರನ್ನು ಉಳಿಸಿಕೊಳ್ಳುವ ನಿಮ್ಮ ಲೀಗಿನ ಕೀಪರ್ ನಿಯಮದಿಂದ ಮಾತ್ರ ಕಥೆ ಸ್ವಲ್ಪ ಬದಲಾಗುತ್ತೆ, ಒಬ್ಬ ಹುಡುಗನಿಗೆ ಜಾಗ ಮಾಡಿ ಅನ್ನುತ್ತಿರುವುದು ಅದಕ್ಕೇ. ನಿಕ್ ಕರ್ಟ್ಜ್‌ನನ್ನು ನೋಡಿ. ಕಾಲೇಜಿನಿಂದ 2024ರ ಜುಲೈನಲ್ಲಿ ಆಯ್ಕೆಯಾದವನು 2025ರ ಏಪ್ರಿಲ್ 23ಕ್ಕೇ ಬಂದ. 0.290, 36 ಹೋಮ್‌ರನ್, ಒಂದೇ ಪಂದ್ಯದಲ್ಲಿ ನಾಲ್ಕು. ಆ ಮಾರ್ಚ್‌ನಲ್ಲಿ ಅವನನ್ನು 26ನೇ ರೌಂಡಿನಲ್ಲಿ ತೆಗೆದುಕೊಂಡವರು ನಿಮ್ಮ ನಿಯಮದಲ್ಲಿ ಮರುವರ್ಷ 25ನೇ ರೌಂಡ್ ಬಿಟ್ಟುಕೊಟ್ಟರೆ ಸಾಕು. ಮೊದಲೆರಡು ರೌಂಡಿನ ಬ್ಯಾಟರ್ 25ನೇ ರೌಂಡಿನ ಬೆಲೆಗೆ! ಕ್ಲೋಸರ್‌ನಲ್ಲಿ ಇಂಥ ಲಾಭ ಎಂದೂ ಸಿಗುವುದಿಲ್ಲ, ಮುಂದಿನ ವರ್ಷ ಅವನ ಕುರ್ಚಿ ಇರುತ್ತೋ ಇಲ್ಲವೋ. ಕ್ಲೋಸರ್‌ನನ್ನು ಉಳಿಸಿಕೊಳ್ಳಲು ಹೋಗಲೇಬೇಡಿ.

ಹಾಗಾದರೆ 28 ರೌಂಡಿನಲ್ಲಿ ಹುಡುಗ ಒಬ್ಬನೇ, 24ರ ನಂತರ, ಬ್ಯಾಟರ್. ಏಪ್ರಿಲ್‌ನಲ್ಲೇ ಬರುವ ದಾರಿ ಕಾಣುತ್ತಿರಬೇಕು: ಅವನ ಜಾಗದಲ್ಲಿ ತಂಡದಲ್ಲಿ ಗಟ್ಟಿ ಆಟಗಾರ ಇರಬಾರದು. ಕಾಲೇಜಿನಿಂದ ಬಂದವನಾದರೆ ಇನ್ನೂ ಒಳ್ಳೆಯದು. ಮೇ ಮಧ್ಯದವರೆಗೂ ಬರದಿದ್ದರೆ ಕೀಪರ್ ಆಸೆ ಎಷ್ಟಿದೆ ನೋಡಿ ಇಟ್ಟುಕೊಳ್ಳಿ, ಇಲ್ಲವಾದರೆ ಬಿಡಿ. ಕೆಲವು ಆ್ಯಪ್‌ಗಳಲ್ಲಿ, ಉದಾಹರಣೆಗೆ ಯಾಹೂನಲ್ಲಿ, ಮೈನರ್ ಲೀಗಿನಲ್ಲಿರುವವರಿಗೆ ಎನ್‌ಎ ಅಂತ ಬೇರೆ ಜಾಗ ಕೊಡಬಹುದು. ನಿಮ್ಮ ಲೀಗಿನಲ್ಲಿ ಅದಿದ್ದರೆ ಹುಡುಗನಿಂದ ಬೆಂಚಿಗೆ ನಷ್ಟವಿಲ್ಲ, ಆಗ ಎರಡನೆಯವನನ್ನೂ ತಗೊಳ್ಳಿ. ಇಲ್ಲದಿದ್ದರೆ ನಿಮ್ಮ ಲೀಗ್ ನಡೆಸುವ ಕಮಿಷನರ್ ಹತ್ತಿರ ಕೇಳಿ, ಒಂದೊಂದು ಜಾಗವಾದರೂ ಕೊಡಿ ಅಂತ.

ಹೆಸರು ಕೇಳಿದ್ದೀರಿ. ಕೊಡುವುದಿಲ್ಲ. ನಾನು ಬರೆದು ನೀವು ಓದುವಷ್ಟರಲ್ಲಿ ಒಬ್ಬನ ಮೊಣಕೈ ನೋಯುತ್ತಿರುತ್ತೆ, ಇನ್ನೊಬ್ಬನ ತಂಡ ಹೊಸ ರಿಲೀವರ್‌ಗೆ ಸಹಿ ಹಾಕಿಸಿಕೊಂಡಿರುತ್ತೆ. ಅದರ ಬದಲು ಒಬ್ಬ ಹುಡುಗನ ಕಥೆ ಹೇಳಿ ಮುಗಿಸುತ್ತೇನೆ, ನಿಮ್ಮ ಬೆಂಚಿನ ಮೂರನೆಯವನು ಅವನಲ್ಲದಿದ್ದರೂ ನಿಮ್ಮ ಲೀಗಿನಲ್ಲಿ ಯಾರದೋ ಬೆಂಚಿನಲ್ಲಿ ಖಂಡಿತ ಇದ್ದ. ಜಪಾನಿನಿಂದ ಡಾಜರ್ಸ್‌ಗೆ ಬಂದ ರೋಕಿ ಸಸಾಕಿ. 2025ರಲ್ಲಿ ಸ್ಟಾರ್ಟರ್ ಅಂತ ಎಲ್ಲರೂ ತೆಗೆದುಕೊಂಡರು. ಮೇ ತಿಂಗಳಲ್ಲಿ ಭುಜ ನೋವು. ಬೇಸಿಗೆಯೆಲ್ಲ ಕಾದರು. ಸೆಪ್ಟೆಂಬರ್ ಕೊನೆಗೆ ರಿಲೀವರ್ ಆಗಿ ವಾಪಸ್ ಬಂದ. ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾ ಎದುರು ಒಂಬತ್ತನೇ ಇನಿಂಗ್ಸಿಗೆ ಇಳಿದು ಪಂದ್ಯ ಮುಗಿಸಿ ಸೇವ್ ತಗೊಂಡ. ಹುಡುಗನಿಗೆ ಕುರ್ಚಿ ಸಿಕ್ಕಿತ್ತು. ಅಷ್ಟರಲ್ಲಿ ನಮ್ಮ ಲೀಗುಗಳ ಲೆಕ್ಕ ಮುಗಿದು ವಾರವಾಗುತ್ತ ಬಂದಿತ್ತು.